ಸ್ಪಾಟಿಂಗ್ ಸ್ಕೋಪ್‌ಗೆ ಯುವಿ ಫಿಲ್ಟರ್ ಹಾಕಿದರೆ ಸೂರ್ಯನನ್ನು ನೋಡಬಹುದೇ?

ಹೊಸದಾಗಿ ಸ್ಪಾಟಿಂಗ್ ಸ್ಕೋಪ್ ಕೊಂಡವರಿಗೆ ಹಕ್ಕಿ ನೋಡುವ ಗೆಳೆಯರು ಕೊಡುವ ಸಲಹೆಗಳಲ್ಲಿ ಒಂದು, ಮುಂದಿನ ಗಾಜಿಗೆ ಯುವಿ ಫಿಲ್ಟರ್ ಹಾಕಿಸಿ ಎಂಬುದು. ಸಲಹೆಯೇನೂ ತಪ್ಪಲ್ಲ. ಆದರೆ ಇಂಥ ಮಾತು ಫೋನಿನಿಂದ ಫೋನಿಗೆ ಹೋಗುವಾಗ ಅದಕ್ಕೊಂದು ಬಾಲ ಸೇರಿಕೊಳ್ಳುತ್ತದೆ: ಫಿಲ್ಟರ್ ಯುವಿ ಕಿರಣಗಳನ್ನು ತಡೆಯುವುದರಿಂದ ಕಣ್ಣಿಗೂ ರಕ್ಷಣೆ, ಸೂರ್ಯಗ್ರಹಣವನ್ನೂ ನೋಡಬಹುದು ಅಂತ. ಈ ಬಾಲ ಶುದ್ಧ ಸುಳ್ಳು. ನಂಬಿದರೆ ಕಣ್ಣು ಹೋಗುತ್ತದೆ.

ಸ್ಪಾಟಿಂಗ್ ಸ್ಕೋಪ್ ಎಂದರೆ ಒಂದೇ ಕಣ್ಣಿನಲ್ಲಿ ನೋಡುವ, ಟ್ರೈಪಾಡ್ ಮೇಲೆ ಕೂರಿಸುವ ಚಿಕ್ಕ ದೂರದರ್ಶಕ. ರಂಗನತಿಟ್ಟಿನಲ್ಲಿ ದೂರದ ಮರದ ಮೇಲಿನ ಕೊಕ್ಕರೆ ಗೂಡನ್ನು ನೋಡಲು ಇಂಥದ್ದು ಬೇಕು. ಮುಂದಿನ ಗಾಜು ಸಾಮಾನ್ಯವಾಗಿ 60ರಿಂದ 95 ಮಿಲಿಮೀಟರ್ ಅಗಲ ಇರುತ್ತದೆ. ಹಲವು ಸ್ಕೋಪ್‌ಗಳು ದೃಶ್ಯವನ್ನು 20ರಿಂದ 60 ಪಟ್ಟು ದೊಡ್ಡದು ಮಾಡುತ್ತವೆ.

ಯುವಿ ಫಿಲ್ಟರ್ ಫಿಲ್ಮ್ ಕ್ಯಾಮೆರಾಗಳ ಕಾಲದ ವಸ್ತು. ಫಿಲ್ಮ್ ಯುವಿ ಬೆಳಕಿಗೂ ಸ್ಪಂದಿಸುತ್ತಿದ್ದುದರಿಂದ ದೂರದ ಬೆಟ್ಟಗಳು ಫೋಟೋದಲ್ಲಿ ಮಬ್ಬು ನೀಲಿಯಾಗಿ ಬರುತ್ತಿದ್ದವು. ಅದನ್ನು ತಗ್ಗಿಸಲು ಈ ಫಿಲ್ಟರ್ ಹಾಕುತ್ತಿದ್ದರು. ನಮ್ಮ ಕಣ್ಣಿಗೆ ಯುವಿ ಕಾಣುವುದೇ ಇಲ್ಲ, ಹಾಗಾಗಿ ಸ್ಕೋಪ್‌ನಲ್ಲಿ ಹಕ್ಕಿ ನೋಡುವವರಿಗೆ ಅದು ಬರೀ ಒಂದು ತಿಳಿ ಗಾಜು. ಅದರ ಕೆಲಸ ದೂಳು, ಬೆರಳಿನ ಗುರುತು, ಕೆಸರು, ಸಮುದ್ರದ ಉಪ್ಪು ಹನಿ ಇವನ್ನು ತಾನು ಹಿಡಿದುಕೊಂಡು ಒಳಗಿನ ದುಬಾರಿ ಗಾಜನ್ನು ಕಾಪಾಡುವುದು, ಅಷ್ಟೇ. ಮಲ್ಪೆಯಂಥ ಕಡಲತೀರದಲ್ಲಿ ಗಾಳಿ ಬೀಸುವಾಗ ಇದು ನಿಜಕ್ಕೂ ಬೇಕು. ಶರ್ಟಿನ ತುದಿಯಿಂದಲೋ ಸೆರಗಿನಿಂದಲೋ ಗಾಜು ಒರೆಸುವ ಅಭ್ಯಾಸ ಇದ್ದವರಿಗಂತೂ ಎಲ್ಲ ಕಡೆಯೂ ಬೇಕು! (ಮೊದಲು ದೂಳನ್ನು ಊದುವ ಬ್ಲೋವರ್‌ನಿಂದ ಹಾರಿಸಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ ಬಳಸಿ.)

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈ ಸುಮಾರು 4% ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಎರಡು ಮೇಲ್ಮೈ ಸೇರಿದರೆ ಸುಮಾರು 8% ಹೋಯಿತು. ಎದುರು ಬಿಸಿಲಿದ್ದರೆ ಚಿತ್ರ ಬೆಳ್ಳಗೆ ಪೇಲವವಾಗುವುದೂ ಇದರಿಂದಲೇ. ಹಲವು ಪದರದ ಲೇಪನವಿರುವ ಫಿಲ್ಟರ್‌ನಲ್ಲಿ ಈ ನಷ್ಟ ತೀರಾ ಕಡಿಮೆ. ಇನ್ನೊಂದು ತೊಂದರೆ, ಫಿಲ್ಟರ್ ಗಾಜಿನಲ್ಲಿ ಸಣ್ಣ ಏರುಪೇರು ಇದ್ದರೆ ಮಾಮೂಲಿ ಕ್ಯಾಮೆರಾದಲ್ಲಿ ಗೊತ್ತಾಗದೆ ಹೋಗಬಹುದು, 60 ಪಟ್ಟಿನಲ್ಲಿ ಮಾತ್ರ ಹಕ್ಕಿಯ ಗರಿಯೇ ಕಲಸಿಹೋಗುತ್ತದೆ. ಪರೀಕ್ಷೆ ಸುಲಭ. ದೂರದ ಬೋರ್ಡಿನ ಅಕ್ಷರಗಳನ್ನು ಅತಿ ಹೆಚ್ಚು ಪಟ್ಟಿನಲ್ಲಿ ಒಮ್ಮೆ ಫಿಲ್ಟರ್ ಹಾಕಿ, ಒಮ್ಮೆ ತೆಗೆದು ನೋಡಿ. ವ್ಯತ್ಯಾಸ ಕಂಡರೆ ಆ ಫಿಲ್ಟರ್ ಬೇಡ. ಎಲ್ಲ ಸ್ಕೋಪ್‌ಗಳಿಗೂ ಫಿಲ್ಟರ್ ತಿರುಗಿಸಿ ಕೂರಿಸುವ ಮರೆ ಇರುವುದಿಲ್ಲ, ಕೊಳ್ಳುವ ಮುಂಚೆ ಅದನ್ನೂ ನೋಡಿಕೊಳ್ಳಿ.

ಈಗ ಸೂರ್ಯನ ವಿಷಯ. ಒಳ್ಳೆಯ ಯುವಿ ಫಿಲ್ಟರ್ ಕಣ್ಣಿಗೆ ಕಾಣುವ ಬೆಳಕಿನಲ್ಲಿ 90%ಕ್ಕೂ ಹೆಚ್ಚನ್ನು ಹಾಗೇ ಒಳಗೆ ಬಿಡುತ್ತದೆ, ಅದನ್ನು ಮಾಡಿರುವುದೇ ಹಾಗೆ. ಸೂರ್ಯನನ್ನು ನೋಡಲೆಂದೇ ತಯಾರಿಸುವ ಸೋಲಾರ್ ಫಿಲ್ಟರ್ ಬಿಡುವುದು ಸುಮಾರು ಲಕ್ಷದಲ್ಲಿ ಒಂದು ಪಾಲು. ಫೋಟೋಗ್ರಾಫರ್‌ಗಳು ಬಳಸುವ ಕಪ್ಪನೆಯ ಎನ್‌ಡಿ 1000 ಫಿಲ್ಟರ್ ಕೂಡ ಸಾವಿರದಲ್ಲಿ ಒಂದು ಪಾಲು ಬಿಡುತ್ತದೆ, ಅಂದರೆ ಸೋಲಾರ್ ಫಿಲ್ಟರ್‌ಗಿಂತ ನೂರು ಪಟ್ಟು ಹೆಚ್ಚು.

ಅತ್ತ ಸ್ಕೋಪ್ ಏನು ಮಾಡುತ್ತದೆ? ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರ್ ಅಗಲ. 80 ಮಿಲಿಮೀಟರ್ ಗಾಜು ಅದಕ್ಕಿಂತ ಸರಿಸುಮಾರು ಸಾವಿರ ಪಟ್ಟು ಬೆಳಕು ಹಿಡಿಯುತ್ತದೆ. ಜೊತೆಗೆ ರೆಟಿನಾದ ಮೇಲೆ ಸೂರ್ಯನ ಬಿಂಬ ದೊಡ್ಡದಾಗಿ ಬೀಳುವುದರಿಂದ ಆ ಜಾಗದ ಬಿಸಿ ಆರುವುದೂ ಕಷ್ಟ. ರೆಟಿನಾಗೆ ನೋವು ತಿಳಿಯುವ ನರಗಳಿಲ್ಲ. ಸುಟ್ಟರೂ ಉರಿ ಗೊತ್ತಾಗುವುದಿಲ್ಲ. ಕೆಲವು ಗಂಟೆಗಳ ನಂತರ ನೋಟದ ಮಧ್ಯದಲ್ಲೇ ಮಬ್ಬು ಅಥವಾ ಕಪ್ಪು ಚುಕ್ಕೆ ಕಾಣಿಸಿಕೊಳ್ಳಬಹುದು. ಹಾಗಾದರೆ ತಡಮಾಡದೆ ಕಣ್ಣಿನ ವೈದ್ಯರ ಬಳಿ ಹೋಗಿ.

ಗ್ರಹಣದ ಕನ್ನಡಕ ಹಾಕಿಕೊಂಡು ಸ್ಕೋಪ್‌ನಲ್ಲಿ ನೋಡಬಹುದಲ್ಲ ಎಂದು ಕೇಳುವವರಿದ್ದಾರೆ. ಕೂಡದು. ಆ ಕನ್ನಡಕ ಬರಿಗಣ್ಣಿನಿಂದ ನೋಡುವವರಿಗೆ ಮಾಡಿದ್ದು. ಸ್ಕೋಪ್ ಒಟ್ಟುಗೂಡಿಸಿದ ಬಿಸಿಲು ಅದನ್ನು ಕ್ಷಣದಲ್ಲಿ ಸುಟ್ಟು ತೂತು ಮಾಡಬಲ್ಲದು. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿಸಿದ ಗಾಜು ಕೂಡ ಬೇಡ. ಬೆಳಕು ಕಡಿಮೆಯಾದಂತೆ ಕಂಡರೂ ಕಾಣದ ಇನ್‌ಫ್ರಾರೆಡ್ ಕಿರಣಗಳು ಅವುಗಳ ಮೂಲಕ ನುಸುಳಬಹುದು.

2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಕಣ ಗ್ರಹಣ ಕಂಡಿತ್ತು. 2027ರ ಆಗಸ್ಟ್ 2ರಂದು ಭಾರತದ ಹಲವೆಡೆ ಪಾರ್ಶ್ವ ಗ್ರಹಣ ಕಾಣಲಿದೆ, ಮಳೆಗಾಲದ ಮೋಡ ಬಿಟ್ಟುಕೊಟ್ಟರೆ. ಅಂದು ಸ್ಕೋಪ್ ಬಳಸುವುದಾದರೆ ಸೋಲಾರ್ ಫಿಲ್ಟರ್ ಕಣ್ಣಿಡುವ ತುದಿಯಲ್ಲಲ್ಲ, ಸೂರ್ಯನ ಕಡೆ ಇರುವ ದೊಡ್ಡ ಗಾಜಿನ ಮುಂದೆ ಇರಬೇಕು. ಹಾಕುವ ಮುಂಚೆ ಅದನ್ನು ಉರಿಯುವ ಬಲ್ಬಿಗೆ ಹಿಡಿದು ಗೀರು, ಸೂಜಿತೂತು ಇದೆಯೇ ನೋಡಿ. ಒಂದೇ ಒಂದು ತೂತು ಕಂಡರೂ ಎಸೆದುಬಿಡಿ. ಸರಿಯಿದ್ದರೆ ಗಾಳಿಗೆ ಹಾರದಂತೆ ಸುತ್ತ ಟೇಪ್ ಅಂಟಿಸಿ, ನೋಡುವಷ್ಟು ಹೊತ್ತೂ ಮಕ್ಕಳ ಪಕ್ಕದಲ್ಲಿ ದೊಡ್ಡವರೊಬ್ಬರು ನಿಂತಿರಲಿ.