ಕರಡಿನಿಂದ ಕೃತಿಗೆ: ಕಥನದೃಶ್ಯಗಳ ಪರಿಷ್ಕರಣೆಯಲ್ಲಿ ವಿಮರ್ಶೆಯ ಪಾತ್ರ

ಪೀಠಿಕೆ

ಕಾದಂಬರಿಯೊಂದು ಮುದ್ರಣಗೊಂಡು ಓದುಗರ ಕೈಸೇರುವ ಹೊತ್ತಿಗೆ ಅದರ ಹಿಂದಿನ ಕರಡುಗಳು ಬಹುಮಟ್ಟಿಗೆ ಕಣ್ಮರೆಯಾಗಿರುತ್ತವೆ. ಹೀಗಾಗಿ ಮುದ್ರಿತ ಪಾಠವೇ ಲೇಖಕನ ಮನಸ್ಸಿನಲ್ಲಿ ಮೊದಲಿನಿಂದಲೂ ಇದ್ದ ಪಾಠವೆಂಬ ಭಾವನೆ ಬೇರೂರಿದೆ. ಭಾರತೀಯ ಕಾವ್ಯಮೀಮಾಂಸೆ ಈ ಭಾವನೆಯನ್ನು ಪುಷ್ಟೀಕರಿಸುವುದಿಲ್ಲ. ಮಮ್ಮಟನು ಕಾವ್ಯಹೇತುಗಳನ್ನು ಹೇಳುವಾಗ ಶಕ್ತಿ, ನಿಪುಣತೆಗಳ ಜೊತೆಗೆ ಕಾವ್ಯಜ್ಞರ ಶಿಕ್ಷಣದಲ್ಲಿ ಮಾಡಿದ ಅಭ್ಯಾಸವನ್ನೂ ಸೇರಿಸಿದ್ದಾನೆ. ಅವನಿಗಿಂತ ಹಿಂದಿನವನಾದ ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಕವಿಯ ದಿನಚರಿಯನ್ನೇ ವಿಧಿಸುತ್ತಾನೆ. ಪೂರ್ವಾಹ್ಣದಲ್ಲಿ ರಚಿಸಿದುದನ್ನು ದಿನದ ನಾಲ್ಕನೆಯ ಯಾಮದಲ್ಲಿ ಒಬ್ಬನೇ ಅಥವಾ ಪರಿಮಿತ ಗೋಷ್ಠಿಯಲ್ಲಿ ಪರೀಕ್ಷಿಸಬೇಕು. ರಸಾವೇಶದಲ್ಲಿ ಬರೆಯುವವನಿಗೆ ವಿವೇಚನೆಯ ದೃಷ್ಟಿ ಇರುವುದಿಲ್ಲ ಎಂಬುದು ಅವನು ಕೊಡುವ ಕಾರಣ. ಹೆಚ್ಚಾದುದನ್ನು ಬಿಡುವುದು, ಕೊರತೆಯಾದುದನ್ನು ತುಂಬುವುದು, ಸ್ಥಾನ ತಪ್ಪಿದುದನ್ನು ಬದಲಿಸುವುದು, ಮರೆತುದನ್ನು ನೆನೆದು ಸೇರಿಸುವುದು ಎಂಬ ನಾಲ್ಕು ಕಾರ್ಯಗಳು ಈ ಪರೀಕ್ಷೆಯಲ್ಲಿ ನಡೆಯಬೇಕು.

ರಾಜಶೇಖರನ ವಿಚಾರ ಕಾವ್ಯಕ್ಕೆ ಸಂಬಂಧಿಸಿದ್ದು. ಆದರೂ ಕಥನದೃಶ್ಯಗಳ ಪರಿಷ್ಕರಣೆಯನ್ನು ಅರಿಯಲು ಈ ಚತುರ್ವಿಧ ವಿಂಗಡಣೆ ಇಂದಿಗೂ ಉಪಯುಕ್ತವಾಗಿದೆ. ದಾಖಲೆಗಳು ಚೆನ್ನಾಗಿ ಉಳಿದಿರುವ ಮೂರು ಪಾಶ್ಚಾತ್ಯ ನಿದರ್ಶನಗಳ ಮೂಲಕ, ಇನ್ನೊಬ್ಬರ ವಿಮರ್ಶೆಯಿಂದ ಲೇಖಕ ಏನನ್ನು ಕಲಿಯುತ್ತಾನೆ, ಆ ಕಲಿಕೆಯ ಮಿತಿ ಯಾವುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಫ್ಲೋಬೇರ್: ಭಾನುವಾರದ ಗೋಷ್ಠಿ

1849ರ ಸೆಪ್ಟೆಂಬರಿನಲ್ಲಿ ಗುಸ್ತಾವ್ ಫ್ಲೋಬೇರನು ಸಂತ ಆಂತೊನಿಯನ್ನು ಕುರಿತ ತನ್ನ ಬೃಹತ್ ಕೃತಿಯನ್ನು ಲೂಯಿ ಬೂಯಿಯೆ ಮತ್ತು ಮಾಕ್ಸಿಮ್ ದ್ಯೂ ಕಾಂ ಎಂಬ ಗೆಳೆಯರಿಗೆ ಓದಿ ಹೇಳಿದನು. ದ್ಯೂ ಕಾಂ ಬರೆದಿಟ್ಟಿರುವಂತೆ ವಾಚನ ನಾಲ್ಕು ದಿನ ನಡೆಯಿತು. ಕೊನೆಗೆ ಗೆಳೆಯರು ಕೊಟ್ಟ ತೀರ್ಪು, ಅದನ್ನು ಬೆಂಕಿಗೆ ಹಾಕಬೇಕೆಂಬುದು. ಈ ಕಟುವಿಮರ್ಶೆಯ ತರುವಾಯ ಫ್ಲೋಬೇರನು 1851ರಲ್ಲಿ ಕೈಗೆತ್ತಿಕೊಂಡ ವಸ್ತು ಸಣ್ಣ ಊರೊಂದರ ಸಾಮಾನ್ಯ ಸಂಸಾರದ ಕಥೆ. ಅದೇ 1856ರಲ್ಲಿ ಪತ್ರಿಕೆಯಲ್ಲೂ 1857ರಲ್ಲಿ ಪುಸ್ತಕವಾಗಿಯೂ ಪ್ರಕಟವಾದ ‘ಮದಾಂ ಬೊವಾರಿ’.

ಈ ಕಾದಂಬರಿಯ ರಚನೆ ನಡೆಯುತ್ತಿದ್ದ ಕಾಲದಲ್ಲಿ ಬೂಯಿಯೆ ಭಾನುವಾರಗಳಂದು ಕ್ರೊಯಸೆಯ ಮನೆಗೆ ಬರುತ್ತಿದ್ದನು; ವಾರದ ಬರವಣಿಗೆಯನ್ನು ಇಬ್ಬರೂ ಸೇರಿ ಪರಿಶೀಲಿಸುತ್ತಿದ್ದರು. ರಾಜಶೇಖರನ ಪರಿಮಿತ ಗೋಷ್ಠಿಯನ್ನು ಇದು ನೆನಪಿಗೆ ತರುತ್ತದೆ. ಇದಲ್ಲದೆ ಫ್ಲೋಬೇರನು ತನ್ನ ವಾಕ್ಯಗಳನ್ನು ಗಟ್ಟಿಯಾಗಿ ಓದಿ ಕಿವಿಯಿಂದ ಪರೀಕ್ಷಿಸುತ್ತಿದ್ದನು. ಕೃಷಿಮೇಳದ ಪ್ರಸಿದ್ಧ ದೃಶ್ಯವೊಂದಕ್ಕೇ 1853ರಲ್ಲಿ ಹಲವು ತಿಂಗಳುಗಳು ಹಿಡಿದವು. ಕೆಳಗೆ ಅಧಿಕಾರಿಯ ಭಾಷಣ ನಡೆಯುತ್ತಿರುವಾಗಲೇ ಮೇಲೆ ಪುರಭವನದ ಕೋಣೆಯಲ್ಲಿ ರೊಡಾಲ್ಫನು ಎಮ್ಮಳನ್ನು ಪ್ರೇಮದ ಮಾತುಗಳಿಂದ ಒಲಿಸಿಕೊಳ್ಳುತ್ತಿರುತ್ತಾನೆ. ಎರಡು ಮಾತುಗಳೂ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ದೃಶ್ಯ ಮುಂದುವರಿದಂತೆ ತುಣುಕುಗಳು ಕಿರಿದಾಗುತ್ತವೆ. ಕೊನೆಗೆ ಪ್ರೇಮನಿವೇದನೆಯ ಪಕ್ಕದಲ್ಲೇ ಗೊಬ್ಬರದ ಬಹುಮಾನ ಘೋಷಣೆಯಾಗುತ್ತದೆ. ಪ್ರೇಮಿಯ ಮಾತು ಪೊಳ್ಳೆಂದು ನಿರೂಪಕ ಹೇಳಬೇಕಾಗಿಲ್ಲ, ಜೋಡಣೆಯೇ ಅದನ್ನು ಹೇಳುತ್ತದೆ. ರಾಜಶೇಖರನ ಮೂರನೆಯ ಕಾರ್ಯ, ಎಂದರೆ ಸ್ಥಾನಪರಿವರ್ತನೆ, ಕಥನದಲ್ಲಿ ಎಷ್ಟು ಅರ್ಥವನ್ನು ಹುಟ್ಟಿಸಬಲ್ಲದು ಎಂಬುದಕ್ಕೆ ಇದು ಶ್ರೇಷ್ಠ ಉದಾಹರಣೆ. ಈ ಕಾದಂಬರಿಯ ಸುಮಾರು 4,500 ಹಸ್ತಪ್ರತಿ ಪುಟಗಳು ರೂಆನ್ ನಗರದ ಗ್ರಂಥಾಲಯದಲ್ಲಿ ಸುರಕ್ಷಿತವಾಗಿವೆ.

ಡಿಕನ್ಸ್: ಎರಡು ಮುಕ್ತಾಯಗಳು

ಚಾರ್ಲ್ಸ್ ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯು 1860ರ ಡಿಸೆಂಬರಿನಿಂದ 1861ರ ಆಗಸ್ಟಿನವರೆಗೆ ಅವನದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ಮೊದಲು ಬರೆದ ಮುಕ್ತಾಯದಲ್ಲಿ ಪಿಪ್ ಮತ್ತು ಎಸ್ಟೆಲ್ಲಾ ಲಂಡನ್ನಿನ ಪಿಕಡಿಲಿ ಬೀದಿಯಲ್ಲಿ ಅಕಸ್ಮಾತ್ತಾಗಿ ಸಂಧಿಸಿ, ಕೆಲವೇ ಮಾತನಾಡಿ, ಅಗಲುತ್ತಾರೆ. ಕರಡಚ್ಚನ್ನು ಓದಿದ ಕಾದಂಬರಿಕಾರ ಬುಲ್ವರ್ ಲಿಟ್ಟನ್ ಅದನ್ನು ಬದಲಿಸುವಂತೆ ಒತ್ತಾಯಿಸಿದನು. ಡಿಕನ್ಸ್ ಒಪ್ಪಿ, ಪಾಳುಬಿದ್ದ ಸ್ಯಾಟಿಸ್ ಭವನದ ತೋಟದಲ್ಲಿ ಸಂಜೆಯ ಹೊತ್ತು ಅವರಿಬ್ಬರೂ ಭೇಟಿಯಾಗುವ ಹೊಸ ದೃಶ್ಯವನ್ನು ಬರೆದನು. ಅದರ ಕೊನೆಯ ವಾಕ್ಯವನ್ನು ಮುಂದಿನ ಆವೃತ್ತಿಯಲ್ಲಿ ಮತ್ತೆ ತಿದ್ದಿದನು. ಹಳೆಯ ಮುಕ್ತಾಯವನ್ನು ಜಾನ್ ಫಾರ್ಸ್ಟರ್ ಡಿಕನ್ಸನ ಜೀವನಚರಿತ್ರೆಯಲ್ಲಿ ಬೆಳಕಿಗೆ ತಂದನು. ಬರ್ನಾರ್ಡ್ ಷಾ 1937ರ ಆವೃತ್ತಿಗೆ ಅದನ್ನೇ ಆರಿಸಿಕೊಂಡನು.

ಯಾವುದು ಉತ್ತಮ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮೊದಲನೆಯದು ಕಾದಂಬರಿಯ ವಿಷಾದಕ್ಕೆ ಹೆಚ್ಚು ನಿಷ್ಠವಾಗಿದೆ ಎನ್ನಬಹುದು. ಎರಡನೆಯದಕ್ಕೆ ಬೇರೊಂದು ಬಲವಿದೆ. ಬೀದಿಯ ಭೇಟಿ ಆಕಸ್ಮಿಕ. ತೋಟವಾದರೋ ಪಿಪ್ ಬಾಲ್ಯದಲ್ಲಿ ಅವಮಾನಗೊಂಡ ಸ್ಥಳ. ಸ್ಥಳವೇ ಹಿಂದಿನ ದೃಶ್ಯಗಳ ನೆನಪನ್ನು ಹೊತ್ತು ತರುತ್ತದೆ. ಒಂದೇ ಸಲಹೆಯಿಂದ ಕೃತಿ ಒಂದನ್ನು ಗಳಿಸಿ ಇನ್ನೊಂದನ್ನು ಕಳೆದುಕೊಳ್ಳಬಹುದು ಎಂಬುದು ಇಲ್ಲಿನ ಪಾಠ.

ಕಾರ್ವರ್: ಕತ್ತರಿಯ ಮಿತಿ

ಅಮೆರಿಕದ ಕಥೆಗಾರ ರೇಮಂಡ್ ಕಾರ್ವರನ 1981ರ ಕಥಾಸಂಕಲನವನ್ನು ಸಂಪಾದಕ ಗಾರ್ಡನ್ ಲಿಷ್ ಅರ್ಧಕ್ಕಿಂತ ಹೆಚ್ಚು ಮೊಟಕುಗೊಳಿಸಿದನು. ಪುಸ್ತಕವನ್ನು ತಡೆಹಿಡಿಯುವಂತೆ ಕಾರ್ವರ್ 1980ರ ಜುಲೈನಲ್ಲಿ ಪತ್ರ ಬರೆದರೂ ಅದು ಮೊಟಕಾದ ರೂಪದಲ್ಲೇ ಹೊರಬಂದಿತು. ‘ದಿ ಬಾತ್’ ಎಂಬ ಕಥೆಯಲ್ಲಿ, ಹುಟ್ಟುಹಬ್ಬದಂದು ಅಪಘಾತಕ್ಕೀಡಾದ ಹುಡುಗನ ಗತಿ ತಿಳಿಯುವ ಮೊದಲೇ ಕಥೆ ದೂರವಾಣಿ ಕರೆಯೊಂದರ ನಡುವೆ ನಿಲ್ಲುತ್ತದೆ. 1983ರ ಸಂಕಲನದಲ್ಲಿ ಕಾರ್ವರ್ ಪ್ರಕಟಿಸಿದ ವಿಸ್ತೃತ ಪಾಠದಲ್ಲಿ ಮಗನನ್ನು ಕಳೆದುಕೊಂಡ ತಂದೆತಾಯಿಗಳು, ಕೇಕಿಗಾಗಿ ಕರೆ ಮಾಡಿ ಕಾಡುತ್ತಿದ್ದ ಬೇಕರಿಯವನ ಬಳಿಗೇ ಹೋಗುತ್ತಾರೆ. ಅವನು ಕ್ಷಮೆ ಕೇಳಿ ಬಿಸಿ ರೊಟ್ಟಿಯನ್ನು ಉಣಬಡಿಸುತ್ತಾನೆ. ಮೊದಲ ಪಾಠದ ಭೀತಿ ಪರಿಣಾಮಕಾರಿಯೇ ಸರಿ. ಆದರೆ ಅಲ್ಲಿ ತೆಗೆದುಹಾಕಿದ್ದು ಅಧಿಕವಾದುದನ್ನಲ್ಲ, ಲೇಖಕನ ಜೀವನದೃಷ್ಟಿಯನ್ನೇ. ಲಿಷ್‌ನ ಕಾಗದಪತ್ರಗಳು ಇಂಡಿಯಾನಾ ವಿಶ್ವವಿದ್ಯಾಲಯದ ಲಿಲಿ ಗ್ರಂಥಾಲಯದಲ್ಲಿ ಉಳಿದಿದ್ದರಿಂದಲೇ ಮೂಲಪಾಠ 2009ರಲ್ಲಿ ಪ್ರಕಟವಾಗಲು ಸಾಧ್ಯವಾಯಿತು.

ಉಪಸಂಹಾರ

ಈ ನಿದರ್ಶನಗಳಿಂದ ಎರಡು ಅಂಶಗಳು ವೇದ್ಯವಾಗುತ್ತವೆ. ಮೊದಲನೆಯದಾಗಿ, ದೃಶ್ಯ ಎಲ್ಲಿ ಸೋಲುತ್ತಿದೆ ಎಂಬುದನ್ನು ಸಹೃದಯ ಓದುಗ ಗುರುತಿಸಬಲ್ಲ; ಪರಿಹಾರವನ್ನು ಮಾತ್ರ ಲೇಖಕನೇ ಕಂಡುಕೊಳ್ಳಬೇಕು. ಲಿಟ್ಟನ್ ಬದಲಾವಣೆಗೆ ಒತ್ತಾಯಿಸಿದನು, ತೋಟದ ದೃಶ್ಯವನ್ನು ಬರೆದವನು ಡಿಕನ್ಸ್. ಲಿಷ್ ತಾನೇ ಲೇಖನಿ ಹಿಡಿದುದು ವಿವಾದಕ್ಕೆ ಕಾರಣವಾಯಿತು. ಎರಡನೆಯದಾಗಿ, ನಿರಂತರವಾದ, ಪರಿಮಿತವಾದ ಗೋಷ್ಠಿಯಿಂದಾಗುವ ಕಲಿಕೆ ಕೊನೆಯ ಗಳಿಗೆಯ ಸಲಹೆಯಿಂದ ಆಗುವುದಿಲ್ಲ.

ಇದನ್ನೆಲ್ಲ ಇಂದು ನಾವು ಚರ್ಚಿಸಬಲ್ಲೆವಾದರೆ ಅದಕ್ಕೆ ಕಾರಣ ಕರಡುಗಳನ್ನೂ ಪತ್ರಗಳನ್ನೂ ಕಾಪಾಡಿದವರು. ಹಳಗನ್ನಡ ಕೃತಿಗಳ ಪಾಠಾಂತರಗಳನ್ನು ಶಾಸ್ತ್ರೀಯವಾಗಿ ಪರಿಶೀಲಿಸುವ ಸಮೃದ್ಧ ಗ್ರಂಥಸಂಪಾದನಾ ಪರಂಪರೆ ಕನ್ನಡಕ್ಕಿದೆ. ಅದೇ ಶಿಸ್ತು ಆಧುನಿಕ ಕಥನಸಾಹಿತ್ಯದ ಕರಡುಗಳಿಗೂ ಸಲ್ಲಬೇಕಾಗಿದೆ. ಮಾಸ್ತಿಯವರ ‘ಜೀವನ’, ಅಡಿಗರ ‘ಸಾಕ್ಷಿ’ಯಂತಹ ಪತ್ರಿಕೆಗಳಿಗೆ ಸಂಬಂಧಿಸಿದ ಪತ್ರಗಳು ಯಾವುದೇ ಮನೆಯಲ್ಲಿ ಉಳಿದಿದ್ದರೂ ಅವು ಗ್ರಂಥಾಲಯಗಳಿಗೆ ಸೇರುವುದು ಅಗತ್ಯ. ಗಣಕಯಂತ್ರದ ಬರವಣಿಗೆಯಲ್ಲಿ ಹೊಸ ಪಾಠವು ಹಳೆಯದನ್ನು ಅಳಿಸಿಹಾಕುತ್ತಲೇ ಇರುತ್ತದೆ. ಲೇಖಕರು ಪ್ರತಿ ಹಂತದ ಕರಡನ್ನೂ ದಿನಾಂಕದೊಡನೆ ಉಳಿಸಿಡದಿದ್ದಲ್ಲಿ, ನಮ್ಮ ಕಾಲದ ಕಥೆಗಾರರು ತಿದ್ದಿ ಕಲಿತುದೆಲ್ಲ ಮುಂದಿನ ಸಂಶೋಧಕರ ಪಾಲಿಗೆ ಇಲ್ಲವಾಗುತ್ತದೆ.