ಕಂತು ಒಬ್ಬರ ಕೈಗೆ, ಮನೆಪತ್ರ ಇನ್ನೊಬ್ಬರ ಬೀರುವಿನಲ್ಲಿ



ಉಡುಮಲೈಪೇಟೆ, ಪೊಳ್ಳಾಚಿ, ನೆಗಮಂ ಕಡೆಯ ನಮ್ಮವರ ಮನೆಗಳಲ್ಲಿ ಮಾತು ಕನ್ನಡ, ಓದುಬರಹ ತಮಿಳು, ಮನೆಸಾಲದ ಒಪ್ಪಂದ ಮಾತ್ರ ಇಂಗ್ಲಿಷ್. ಸಹಿ ಹಾಕುವಾಗ ಯಾರೂ ಅದನ್ನು ಪೂರ್ತಿ ಓದುವುದಿಲ್ಲ. ಒಂದೆರಡು ವರ್ಷ ಕಳೆದ ಮೇಲೆ ಗೊಂದಲ ಶುರುವಾಗುತ್ತದೆ. ಸಾಲ ಕೊಟ್ಟವರು ಒಬ್ಬರು, ಫೋನ್ ಮಾಡಿ ಕಂತು ಕೇಳುವವರು ಇನ್ನೊಬ್ಬರು, ರಸೀದಿಯ ಮೇಲೆ ಮೂರನೆಯ ಹೆಸರು. ಇದು ಮೋಸವೇ ಎಂದು ಕೇಳುವವರಿದ್ದಾರೆ. ಹಾಗೆಂದು ಒಮ್ಮೆಲೇ ಹೇಳಲಾಗದು. ಸಾಲ ಕೊಡುವುದು ಒಂದು ಕೆಲಸ, ಸಾಲವನ್ನು ನಡೆಸುವುದು ಬೇರೆಯೇ ಕೆಲಸ. ಎರಡನೆಯದನ್ನು ಹೊರಗಿನವರಿಗೆ ಗುತ್ತಿಗೆ ಕೊಡುವುದು ಈಗ ಎಲ್ಲ ಕಡೆ ಇದೆ.

ನಡೆಸುವುದು ಎಂದರೆ ಕಂತು ವಸೂಲಿ ಮಾತ್ರವಲ್ಲ. ಬಂದ ಹಣವನ್ನು ಬಡ್ಡಿಗೆಷ್ಟು, ಅಸಲಿಗೆಷ್ಟು ಎಂದು ಒಡೆದು ಬರೆಯಬೇಕು, ವಿಮೆ ಮುಗಿಯದಂತೆ ನೋಡಿಕೊಳ್ಳಬೇಕು, ತಡವಾದರೆ ನೋಟಿಸ್ ಕಳಿಸಬೇಕು, ವರ್ಷಕ್ಕೊಮ್ಮೆ ಲೆಕ್ಕ ಕೊಡಬೇಕು, ಸಾಲ ತೀರಿದಾಗ ಪತ್ರ ಹಿಂತಿರುಗಿಸಬೇಕು. 10 ಲಕ್ಷ ರೂಪಾಯಿ ಸಾಲ, ಶೇ. 9 ಬಡ್ಡಿ, 20 ವರ್ಷ ಎಂದರೆ ಕಂತು ಸುಮಾರು 8,997 ರೂಪಾಯಿ. ಮೊದಲ ತಿಂಗಳು ಅದರಲ್ಲಿ 7,500 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 1,497. ಎಲ್ಲೋ ಒಂದು ಕಂತು ಬೇರೆಯವರ ಖಾತೆಗೆ ಬಿದ್ದರೆ ಆ ತಪ್ಪು ಬಡ್ಡಿಯ ಮೇಲೆ ಬಡ್ಡಿಯಾಗಿ ಬೆಳೆಯುತ್ತಾ ಹೋಗುತ್ತದೆ.

ಬಡವರಿಗೆ ಮನೆ ಕಟ್ಟಿಸಿ ಕಂತಿನ ಮೇಲೆ ಕೊಡುವ ಸೇವಾಸಂಸ್ಥೆಗಳಿಗೆ ಈ ಕೆಲಸವೇ ಹೊರೆ. ಲೆಕ್ಕಕ್ಕೆ ಒಂದು ಸಂಸ್ಥೆ 40 ಮನೆ ಕಟ್ಟಿಸಿ 15 ವರ್ಷದ ಕಂತು ಹಾಕಿದೆ ಎಂದುಕೊಳ್ಳಿ. ಒಟ್ಟು 7,200 ಕಂತುಗಳ ಲೆಕ್ಕ ಬರೆಯಬೇಕು. ಅಷ್ಟರಲ್ಲಿ ಕಾರ್ಯದರ್ಶಿ ನಾಲ್ಕು ಸಲ ಬದಲಾಗಿರುತ್ತಾರೆ. ಅದಕ್ಕಿಂತ ಕಷ್ಟದ್ದು ಬಾಯಿಬಿಟ್ಟು ಹೇಳಲಾಗದ ಇನ್ನೊಂದು ಮಾತು: ಸಣ್ಣ ಊರಿನಲ್ಲಿ ಸಾಲ ತೆಗೆದುಕೊಂಡವರು ನಮ್ಮ ಬೀಗರೋ, ದಾಯಾದಿಗಳೋ ಆಗಿರುತ್ತಾರೆ. ಹಬ್ಬಕ್ಕೆ ಕರೆದವರ ಮನೆಗೆ ಹೋಗಿ ಕಂತು ಕೇಳುವುದು ಹೇಗೆ? ಹೊರಗಿನವರು ಕೇಳಿದರೆ ಆ ಮುಜುಗರವಿಲ್ಲ.

ಅಮೆರಿಕದಲ್ಲಿ ಇದು ಹಳೆಯ ರೂಢಿ. 1976ರಲ್ಲಿ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಊರಿನಲ್ಲಿ ಶುರುವಾದ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿಯ ಊರೂರಿನ ಶಾಖೆಗಳು ಬಡ ಕುಟುಂಬಗಳಿಗೆ ಮನೆ ಕಟ್ಟಿ ಸಾಲದ ಮೇಲೆ ಕೊಡುತ್ತವೆ. ಕೆಲವು ಶಾಖೆಗಳು ಲೆಕ್ಕ ತಾವೇ ನೋಡಿಕೊಳ್ಳುತ್ತವೆ, ಕೆಲವು ಬ್ಯಾಂಕಿಗೋ ಕಂಪನಿಗೋ ಒಪ್ಪಿಸುತ್ತವೆ. ಹೀಗೆ ಕೈ ಬದಲಾಗುವಾಗ ಸಾಲಗಾರರಿಗೆ ಸಾಮಾನ್ಯವಾಗಿ ಕನಿಷ್ಠ 15 ದಿನ ಮೊದಲು ಪತ್ರ ಬರಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಬದಲಾದ ಮೇಲೆ 60 ದಿನ, ಗೊತ್ತಾಗದೆ ಹಳಬರಿಗೇ ಸಕಾಲಕ್ಕೆ ಕಂತು ಕಟ್ಟಿದರೂ ಅದನ್ನು ತಡ ಎಂದು ಪರಿಗಣಿಸುವಂತಿಲ್ಲ. ಈ 60 ದಿನದ ನಿಯಮ ನನಗೆ ಬಹಳ ಹಿಡಿಸಿದೆ. ಮನುಷ್ಯರು ಹೇಗೆ ಎಡವುತ್ತಾರೆಂದು ಬಲ್ಲವರು ಬರೆದ ನಿಯಮ ಅದು.

ನಮ್ಮ ಕಡೆ ಇದಕ್ಕೆ ಹತ್ತಿರದ್ದು ತಮಿಳುನಾಡಿನ ಸಹಕಾರಿ ಗೃಹನಿರ್ಮಾಣ ಸಂಘಗಳು, ಊರಮಾತಿನಲ್ಲಿ ವೀಟ್ಟು ವಸದಿ ಸಂಗಂ. ಚೆನ್ನೈನ ಒಕ್ಕೂಟ ಎಲ್‌ಐಸಿಯಂಥ ಕಡೆಯಿಂದ ಹಣ ಎತ್ತಿ ಊರಿನ ಸಂಘಕ್ಕೆ ಕೊಡುತ್ತಿತ್ತು, ಸಂಘ ಸದಸ್ಯರಿಗೆ ಕೊಟ್ಟು ಕಂತು ವಸೂಲು ಮಾಡುತ್ತಿತ್ತು. ಕಾಸರಗೋಡು, ದಕ್ಷಿಣ ಕನ್ನಡದ ಓದುಗರಿಗೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಉದಾಹರಣೆ ಗೊತ್ತಿದೆ. ಅಲ್ಲಿ ದಿಕ್ಕು ತಿರುಗುಮುರುಗು: ಸಾಲ ಬ್ಯಾಂಕಿನದು, ಬ್ಯಾಂಕಿನ ಪ್ರತಿನಿಧಿಯಾಗಿ ಊರಿನಲ್ಲಿ ಓಡಾಡುವುದು ಸೇವಾಸಂಸ್ಥೆ.

ಬ್ಯಾಂಕ್, ಗೃಹಸಾಲ ಕಂಪನಿಗಳ ಮಟ್ಟಿಗೆ ರಿಸರ್ವ್ ಬ್ಯಾಂಕಿನ ಮಾತು ಸ್ಪಷ್ಟ: ಕೆಲಸವನ್ನು ಹೊರಗೆ ಕೊಡಬಹುದು, ಹೊಣೆಯನ್ನು ಕೊಡಲಾಗದು. ಏಜೆಂಟ್ ತಪ್ಪು ಮಾಡಿದರೆ ಉತ್ತರ ಹೇಳಬೇಕಾದವರು ಸಾಲ ಕೊಟ್ಟವರೇ. ಬಾಕಿ ವಸೂಲಿಗೆ ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡಬಾರದೆಂದು 2022ರ ಆಗಸ್ಟ್‌ನಲ್ಲಿ ಸುತ್ತೋಲೆ ಬಂತು. ಸಾಲ ಪೂರ್ತಿ ತೀರಿದ ಮೇಲೆ 30 ದಿನದೊಳಗೆ ಮೂಲಪತ್ರ ಕೊಡಬೇಕು, ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂಬುದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಸಾಲಗಾರರೊಂದಿಗಿನ ಪತ್ರವ್ಯವಹಾರ ಅವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದೂ ಬ್ಯಾಂಕೇತರ ಸಂಸ್ಥೆಗಳ ನಡವಳಿಕೆ ಸಂಹಿತೆ ಹೇಳುತ್ತದೆ. ನಮ್ಮಂಥ ಗಡಿ ಊರಿನವರು ಇದನ್ನು ಧೈರ್ಯವಾಗಿ ಕೇಳಬೇಕು.

ಆದರೆ ಹೆಚ್ಚಿನವರು ಗಮನಿಸದ ಸಂಗತಿ ಒಂದಿದೆ. ಈ ನಿಯಮಗಳೆಲ್ಲ ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿರುವ ಸಂಸ್ಥೆಗಳಿಗೆ. ಸಹಕಾರಿ ಗೃಹನಿರ್ಮಾಣ ಸಂಘ ಬರುವುದು ಸಹಕಾರ ಇಲಾಖೆಯ ಕೆಳಗೆ. ಮನೆ ಕಟ್ಟಿಸಿಕೊಡುವ ಧರ್ಮಾರ್ಥ ಟ್ರಸ್ಟಿಗೆ 30 ದಿನದ ಗಡುವು ತಾನಾಗಿಯೇ ಅನ್ವಯಿಸುವುದಿಲ್ಲ. ಒಳ್ಳೆಯ ಮನಸ್ಸಿನ ಸಂಸ್ಥೆಯಿಂದ ಮನೆ ಪಡೆದವರಿಗೇ ಕಾಗದದ ರಕ್ಷಣೆ ಕಡಿಮೆ! ಹೀಗಾಗಿ ಅಂಥ ಸಂಸ್ಥೆ ಲೆಕ್ಕವನ್ನು ಹೊರಗೆ ಕೊಡುವಾಗ ಬೇಕಾದ ರಕ್ಷಣೆಯನ್ನು ಒಪ್ಪಂದದಲ್ಲೇ ಬರೆಸಬೇಕು.

ಏನು ಬರೆಸಬೇಕು? ಮೂಲಪತ್ರ ಸಂಸ್ಥೆಯ ಬೀರುವಿನಲ್ಲೇ ಇರಲಿ, ಕಂಪನಿಯ ಕೈಗೆ ಹೋಗದಿರಲಿ. ಕಂತಿನ ಹಣ ಸಂಸ್ಥೆಯ ಹೆಸರಿನ ಪ್ರತ್ಯೇಕ ಖಾತೆಗೇ ಬೀಳಲಿ. ಕಂಪನಿ ಮುಚ್ಚಿಹೋದರೂ ಬಡವರ ಹಣ ಅದರೊಂದಿಗೆ ಮುಳುಗಬಾರದು. ಒಪ್ಪಂದ ಮುರಿದರೆ ಲೆಕ್ಕದ ಪೂರ್ತಿ ಪ್ರತಿ ಹಿಂದಕ್ಕೆ ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಂತು ತಪ್ಪಿದಾಗ ಮುಂದೇನು ಎಂಬ ತೀರ್ಮಾನ ಸಂಸ್ಥೆಯದೇ ಆಗಿರಬೇಕು. ಐಪ್ಪಸಿ ಮಳೆಗೆ ಗುಂಡಿಮಗ್ಗದೊಳಗೆ ನೀರು ಬಂದರೆ ನೇಕಾರರ ಮನೆಗೆ ಆ ತಿಂಗಳು ಕೂಲಿಯಿಲ್ಲ. ಇದು ಊರಿನವರಿಗೆ ಹೇಳದೆಯೇ ಗೊತ್ತು. ದೂರದ ಕಚೇರಿಯ ಕಂಪ್ಯೂಟರಿಗೆ ಅದು ಬರೀ ಬಾಕಿ. ಎರಡು ತಿಂಗಳ ಕಂತನ್ನು ಕೊನೆಗೆ ಸೇರಿಸಿಕೊಳ್ಳುವ ಅಧಿಕಾರ ಊರಿನಲ್ಲೇ ಉಳಿಯದಿದ್ದರೆ ಸೇವಾಸಂಸ್ಥೆಗೂ ಬಡ್ಡಿ ಅಂಗಡಿಗೂ ವ್ಯತ್ಯಾಸ ತಿಳಿಯದು.

ಸಾಲ ತೆಗೆದುಕೊಂಡವರು ಮಾಡಬೇಕಾದ್ದು ಸ್ವಲ್ಪವೇ. ಹೊಸಬರು ಕಂತು ಕೇಳಿದರೆ, ಸಾಲ ಕೊಟ್ಟವರ ಕಡೆಯಿಂದ ಬರಹದಲ್ಲಿ ಪತ್ರ ಬರುವವರೆಗೆ ಹಣ ಕೊಡಬೇಡಿ. ಹಾಗೆಂದು ಕಂತನ್ನೂ ನಿಲ್ಲಿಸಬೇಡಿ, ಹಳೆಯ ಖಾತೆಗೇ ಕಟ್ಟಿ. ರಸೀದಿಗಳನ್ನು ಎಸೆಯಬೇಡಿ. ವರ್ಷಕ್ಕೊಮ್ಮೆ ಉಳಿದ ಅಸಲೆಷ್ಟು ಎಂದು ಬರೆಸಿಕೊಳ್ಳಿ. ದೂರಿದ್ದರೆ ಮೊದಲು ಸಾಲ ಕೊಟ್ಟವರಿಗೆ ಬರಹದಲ್ಲಿ ಕೊಡಿ. ಫಲವಿಲ್ಲದಿದ್ದರೆ ಬ್ಯಾಂಕಿನ ಮೇಲಿನದು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಗೃಹಸಾಲ ಕಂಪನಿಯ ಮೇಲಿನದು ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ, ವಸತಿ ಸಂಘದ ಮೇಲಿನದು ಸಹಕಾರ ಇಲಾಖೆಗೆ.

ಕೊನೆಯ ಕಂತು ಕಟ್ಟಿ ಪತ್ರ ಕೈಗೆ ಬಂದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ತಮಿಳುನಾಡಿನಲ್ಲಿ ಪತ್ರ ಅಡವಿಟ್ಟ ದಾಖಲೆ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದ್ದರೆ, ಸಾಲ ತೀರಿದ ರಸೀದು ಪತ್ರವನ್ನೂ ಅಲ್ಲೇ ನೋಂದಾಯಿಸಬೇಕು. ಇಲ್ಲದಿದ್ದರೆ ಎಷ್ಟು ವರ್ಷವಾದರೂ ವಿಲ್ಲಂಗದಲ್ಲಿ, ಅಂದರೆ ಋಣಭಾರ ಪತ್ರದಲ್ಲಿ, ಹಳೆಯ ಸಾಲ ಹಾಗೆಯೇ ಕಾಣಿಸುತ್ತಿರುತ್ತದೆ. ರಸೀದು ನೋಂದಣಿಯಾದ ಕೆಲ ದಿನಗಳಲ್ಲಿ ಹೊಸ ವಿಲ್ಲಂಗ ತೆಗೆಸಿ, ಆ ನಮೂದು ಬಂದಿದೆಯೇ ನೋಡಿ, ಮನೆಪತ್ರದ ಜೊತೆಗೆ ಇಡಿ.