‘ಲೈಫ್‌ಟೈಮ್ ಆಯಿಲ್’ ಅಂದ್ರೆ ಯಾರ ಲೈಫು?

ಆಟೊಮ್ಯಾಟಿಕ್ ಕಾರು ಇರುವ ಮನೆಗಳಲ್ಲಿ ಈಗ ಒಂದು ಮಾತು ಚಾಲ್ತಿಯಲ್ಲಿದೆ. “ಇದ್ರ ಗೇರ್ ಬಾಕ್ಸ್ ಸೀಲ್ಡು. ಒಳಗಿರೋದು ಲೈಫ್‌ಟೈಮ್ ಆಯಿಲ್. ಮುಟ್ಟೋ ಹಾಗೇ ಇಲ್ಲ.” ಕಾರು ಮಾರುವವರು ಹೇಳುತ್ತಾರೆ, ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕೂತವರು ಹೇಳುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರೂ ಹೇಳುತ್ತಾರೆ. ಕೇಳಲು ಹಿತವಾದ ಮಾತೇ. ಖರ್ಚಿಲ್ಲ, ತಲೆನೋವಿಲ್ಲ. ಆದರೆ ಲೈಫ್‌ಟೈಮ್ ಅಂದರೆ ಯಾರ ಜೀವಮಾನ? ಕಾರಿನದೋ, ಆಯಿಲಿನದೋ, ವಾರಂಟಿಯದೋ?

ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲೇಬೇಕಾಯಿತು. ಯಜಮಾನರಿಗೆ ಎಡಗಾಲಿನ ಮಂಡಿ ಆಪರೇಷನ್ ಆದ ಮೇಲೆ ಕ್ಲಚ್ ತುಳಿಯುವುದು ಆಗದ ಮಾತಾಯಿತು. ಅದಕ್ಕೆಂದೇ ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡಿನಲ್ಲಿ ಆರು ಗೇರಿನ ಆಟೊಮ್ಯಾಟಿಕ್ ಕಾರು ತಗೊಂಡೆವು. ಈಗ ಅದಕ್ಕೆ ಎಂಟು ವರ್ಷ, ಓಡಿರುವುದು 84 ಸಾವಿರ ಕಿಲೋಮೀಟರ್. ದಿನವೂ ಬೆಂಗಳೂರಿನ ಟ್ರಾಫಿಕ್ಕು, ವರ್ಷಕ್ಕೆ ಮೂರು ನಾಲ್ಕು ಸಲ ಚಾರ್ಮಾಡಿ ಘಾಟಿ ಇಳಿದು ಬೆಳ್ತಂಗಡಿಯ ನನ್ನ ತವರು. ಆಟೊಮ್ಯಾಟಿಕ್ ಗೇರ್ ಬಾಕ್ಸ್ ಕೈಕೊಟ್ಟರೆ ರಿಪೇರಿ ಖರ್ಚು ಲಕ್ಷ ದಾಟುವುದು ಹೊಸತಲ್ಲ. ಪೆನ್ಷನ್ನಿನಲ್ಲಿ ನಡೆಯುವ ಸಂಸಾರಕ್ಕೆ ಅದು ಆಗುವ ಮಾತೇ? ಕಾರು ನಿಂತರೆ ಇವರ ಓಡಾಟವೂ ನಿಂತ ಹಾಗೆ.

ನಿಮ್ಮದು ಯಾವ ಆಟೊಮ್ಯಾಟಿಕ್?

ಆಯಿಲಿನ ವಿಷಯಕ್ಕೆ ಬರುವ ಮೊದಲು ಇದು ಗೊತ್ತಿರಬೇಕು. ಕ್ಲಚ್ ಪೆಡಲ್ ಇಲ್ಲದ್ದೆಲ್ಲ ಒಂದೇ ಜಾತಿಯಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮಲ್ಲಿ ಜನಪ್ರಿಯವಾದ ಎಎಂಟಿಯಲ್ಲಿ ಒಳಗಿರುವುದು ಮಾಮೂಲಿ ಮ್ಯಾನ್ಯುವಲ್ ಗೇರ್ ಬಾಕ್ಸೇ. ಕ್ಲಚ್ ಒತ್ತುವುದು, ಗೇರ್ ಹಾಕುವುದು ನಮ್ಮ ಬದಲು ಒಂದು ಯಂತ್ರ. ಸಿವಿಟಿ ಎನ್ನುವುದರಲ್ಲಿ ಹಲ್ಲಿನ ಚಕ್ರಗಳ ಬದಲು ಎರಡು ರಾಟೆಗಳ ನಡುವೆ ಲೋಹದ ಬೆಲ್ಟು. ಡಿಸಿಟಿಯಲ್ಲಿ ಎರಡು ಕ್ಲಚ್ಚು. ನಾನು ಇಲ್ಲಿ ಹೇಳುತ್ತಿರುವುದು ನಾಲ್ಕನೆಯದು, ಟಾರ್ಕ್ ಕನ್ವರ್ಟರ್ ಇರುವ ಹಳೇ ಮಾದರಿಯ ಆಟೊಮ್ಯಾಟಿಕ್.

ಈ ನಾಲ್ಕಕ್ಕೂ ಹಾಕುವ ಎಣ್ಣೆ ಬೇರೆ ಬೇರೆ. ಸಿವಿಟಿಗೆ ಸಾದಾ ಆಟೊಮ್ಯಾಟಿಕ್ ಆಯಿಲ್ ಹಾಕಿದರೆ ಗೇರ್ ಬಾಕ್ಸೇ ಹಾಳಾಗಬಹುದು. ಟಾರ್ಕ್ ಕನ್ವರ್ಟರ್‌ಗಳಲ್ಲೇ ಒಂದೊಂದು ಕಂಪನಿಗೆ ಒಂದೊಂದು ನಮೂನೆ. ಟೊಯೊಟಾದ ಈಚಿನ ಗೇರ್ ಬಾಕ್ಸ್‌ಗಳಿಗೆ ‘ಡಬ್ಲ್ಯುಎಸ್’, ಹ್ಯುಂಡೈ–ಕಿಯಾದ ಆರು ಗೇರಿನದಕ್ಕೆ ‘ಎಸ್‌ಪಿ–4’. ಡಬ್ಬದ ಮೇಲೆ “ಎಲ್ಲಾ ಕಾರಿಗೂ ಆಗುತ್ತೆ” ಅಂತ ಬರೆದಿದ್ದರೆ ಸಾಲದು. ಕಾರಿನ ಕೈಪಿಡಿಯಲ್ಲಿರುವ ಹೆಸರು ಡಬ್ಬದ ಮೇಲೂ ಇರಬೇಕು.

ಒಂದು ಎಣ್ಣೆ, ನಾಲ್ಕು ಚಾಕರಿ

ಎಂಜಿನ್ ಆಯಿಲಿನ ಮುಖ್ಯ ಕೆಲಸ ಭಾಗಗಳು ಉಜ್ಜಿ ಸವೆಯದಂತೆ ನೋಡಿಕೊಳ್ಳುವುದು. ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲಿಗೆ ಅಷ್ಟಕ್ಕೇ ಬಿಡುವಿಲ್ಲ. ಎಂಜಿನ್ನಿಗೂ ಗೇರಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರ್ ಒಳಗೆ ಎರಡು ಫ್ಯಾನುಗಳು ಎದುರುಬದುರು ಕೂತಿರುತ್ತವೆ. ಎಂಜಿನ್ ಕಡೆಯ ಫ್ಯಾನು ಎಣ್ಣೆಯನ್ನು ಚಿಮ್ಮಿಸಿದರೆ ಆ ರಭಸಕ್ಕೆ ಇನ್ನೊಂದು ತಿರುಗುತ್ತದೆ. ಅಂದರೆ ಕಾರನ್ನು ಹೊರಡಿಸುವುದೇ ಎಣ್ಣೆ. ಗೇರ್ ಬದಲಾಗುವಾಗ ಒಳಗಿನ ಪುಟ್ಟ ಕ್ಲಚ್‌ಗಳನ್ನು ಒತ್ತಿ ಹಿಡಿಯುವುದೂ ಅದರ ಒತ್ತಡವೇ. ಜೊತೆಗೆ ಬಿಸಿಯನ್ನು ಹೊತ್ತು ಕೂಲರ್‌ಗೆ ಒಯ್ಯಬೇಕು, ಬೇರಿಂಗುಗಳಿಗೆ ಜಿಡ್ಡಾಗಿರಬೇಕು.

ಈ ಎಣ್ಣೆಗೆ ಒಂದು ಚರಿತ್ರೆಯೇ ಇದೆ. ಜನರಲ್ ಮೋಟರ್ಸ್ ಕಂಪನಿ 1939ರಲ್ಲಿ ‘ಹೈಡ್ರಾಮ್ಯಾಟಿಕ್’ ಎಂಬ ಗೇರ್ ಬಾಕ್ಸನ್ನು ಹೊರತಂದಿತು. ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಪೂರ್ಣ ಆಟೊಮ್ಯಾಟಿಕ್ ಅದು. ಕ್ಲಚ್ ಜಾರದೆ, ಜರ್ಕ್ ಹೊಡೆಯದೆ ಹದವಾಗಿ ಕಚ್ಚಲಿ ಎಂದು ಆ ಕಾಲದ ಆಯಿಲಿಗೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು! 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಅದಕ್ಕೆ ತಡೆ ಬಿದ್ದ ಮೇಲೆ ಬದಲಿ ರಾಸಾಯನಿಕಗಳು ಬಂದವು. ಆ ಹದ ಕೊಡುವ ಅಂಶ ಈಗಲೂ ಆಯಿಲಿನಲ್ಲಿ ಬೆರೆಸಿದ್ದೇ. ಬಿಸಿಗೆ, ಬಳಕೆಗೆ ಅದು ಕ್ರಮೇಣ ಸತ್ವ ಕಳೆದುಕೊಳ್ಳುತ್ತದೆ. ಒಗ್ಗರಣೆಗೆ ಇಟ್ಟ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಏನಾಗುತ್ತದೆಂದು ಅಡುಗೆ ಮನೆಯಲ್ಲಿರುವವರಿಗೆ ಹೇಳಿಕೊಡಬೇಕೆ?

ಸೀಲ್ಡ್ ಅಂದರೆ ಬೆಸುಗೆ ಹಾಕಿದ್ದಲ್ಲ

ಹಿಂದಿನ ಆಟೊಮ್ಯಾಟಿಕ್ ಕಾರುಗಳಲ್ಲಿ ಎಂಜಿನ್ನಿಗೆ ಇರುವಂತೆ ಗೇರ್ ಬಾಕ್ಸಿಗೂ ಒಂದು ಅಳತೆ ಕಡ್ಡಿ ಇರುತ್ತಿತ್ತು. ಬಾನೆಟ್ ಎತ್ತಿ, ಕಡ್ಡಿ ಎಳೆದು, ಒರೆಸಿ ನೋಡಿದರೆ ಮುಗಿಯಿತು. ಈಗ ಹೆಚ್ಚಿನವುಗಳಲ್ಲಿ ಆ ಕಡ್ಡಿಯಿಲ್ಲ. ‘ಸೀಲ್ಡ್’ ಅಂದರೆ ಇಷ್ಟೇ ಅರ್ಥ. ಎಣ್ಣೆ ಹಾಕಲು ಮೇಲೊಂದು ಬೋಲ್ಟು, ಬಸಿಯಲು ಕೆಳಗೊಂದು ಬೋಲ್ಟು, ಮಟ್ಟ ನೋಡಲು ಇನ್ನೊಂದು ಬೋಲ್ಟು ಇದ್ದೇ ಇರುತ್ತವೆ. ಎಂದೂ ಮುಟ್ಟಬಾರದು ಅಂತಿದ್ದರೆ ಇವನ್ನು ಇಡುವ ಕಷ್ಟವನ್ನು ಕಂಪನಿಯವರು ಯಾಕೆ ಪಡುತ್ತಿದ್ದರು?

ಇನ್ನು ಜೀವಮಾನದ ಮಾತು. ಜರ್ಮನಿಯ ಜಡ್‌ಎಫ್ ಕಂಪನಿ ಬಿಎಂಡಬ್ಲ್ಯು ಮುಂತಾದವರಿಗೆ ಗೇರ್ ಬಾಕ್ಸ್ ಮಾಡಿಕೊಡುತ್ತದೆ. ಅದು ತನ್ನ ಗೇರ್ ಬಾಕ್ಸ್‌ಗಳ ಆಯಿಲನ್ನು ಕಾರು ಓಡಿಸುವ ರೀತಿ ನೋಡಿಕೊಂಡು 80 ಸಾವಿರದಿಂದ 1.2 ಲಕ್ಷ ಕಿಲೋಮೀಟರ್ ಒಳಗೆ, ಅಥವಾ ಎಂಟು ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಗೇರ್ ಬಾಕ್ಸ್ ಮಾಡಿದವರೇ ಹೀಗೆ ಹೇಳುವಾಗ ಲೈಫ್‌ಟೈಮ್ ಎಂಬುದನ್ನು ನಾವು ಎಷ್ಟು ನಂಬಬೇಕು?

ಇನ್ನೊಂದು ವಿಷಯ. ಅನೇಕ ಕಂಪನಿಗಳ ಕೈಪಿಡಿಯಲ್ಲಿ ಎರಡು ಪಟ್ಟಿಗಳಿರುತ್ತವೆ, ಸಾಮಾನ್ಯ ಬಳಕೆಗೆ ಒಂದು, ಕಠಿಣ ಬಳಕೆಗೆ ಒಂದು. ಮೊದಲನೆಯದರಲ್ಲಿ “ಗೇರ್ ಬಾಕ್ಸ್ ಆಯಿಲ್ ಬದಲಿಸಬೇಕಿಲ್ಲ” ಎಂದಿರುವ ಕಾರಿಗೂ ಎರಡನೆಯದರಲ್ಲಿ ಕಿಲೋಮೀಟರ್ ಲೆಕ್ಕ ಕೊಟ್ಟಿರುವುದುಂಟು. ಕಠಿಣ ಬಳಕೆ ಅಂದರೆ ಏನು? ನಿಂತು ನಿಂತು ಹೋಗುವ ಟ್ರಾಫಿಕ್, ಬಿಸಿಲು, ಧೂಳು, ಘಟ್ಟದ ರಸ್ತೆ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವವರು, ಘಾಟಿ ಹತ್ತುವವರು ಯಾವ ಪಟ್ಟಿಗೆ ಸೇರುತ್ತಾರೆಂದು ಬೇರೆ ಹೇಳಬೇಕಿಲ್ಲ.

ಹನಿ ಬಿದ್ದರೆ ಸರಿ, ಧಾರೆ ಬಿದ್ದರೆ ಜಾಸ್ತಿ

ವಾರಂಟಿ ಮುಗಿದಿದ್ದರಿಂದ ಆಟೊಮ್ಯಾಟಿಕ್ ಕೆಲಸ ಬಲ್ಲ ಒಂದು ಗ್ಯಾರೇಜಿಗೆ ಕಾರು ಒಯ್ದೆವು. ನಾನೂ ಪಕ್ಕದಲ್ಲೇ ನಿಂತು ನೋಡಿದೆ. ಮೆಕ್ಯಾನಿಕ್ ಹುಡುಗನಿಗೆ ನನ್ನ ಮಗನ ವಯಸ್ಸು. “ಅಮ್ಮಾ, ಮೊದ್ಲು ಮೇಲಿನ ಬೋಲ್ಟ್ ಬಿಚ್ಚಿ ನೋಡ್ತೀನಿ. ಕೆಳಗಡೆಯಿಂದ ಆಯಿಲ್ ಎಲ್ಲಾ ಬಿಟ್‌ಬಿಟ್ಟು ಆಮೇಲೆ ಇದು ಜಾಮ್ ಆಗಿದ್ರೆ ಎಲ್ಲಿಂದ ಹಾಕೋದು?” ಅಂದ. ಈ ಒಂದು ಮಾತಿಗೇ ನನಗೆ ಅರ್ಧ ಧೈರ್ಯ ಬಂತು.

ಮಟ್ಟ ನೋಡುವ ಕ್ರಮ ಹೀಗೆ. ಕಾರನ್ನು ನಾಲ್ಕೂ ಚಕ್ರ ಸಮವಾಗಿರುವಂತೆ ಲಿಫ್ಟಿನ ಮೇಲೆ ಎತ್ತಬೇಕು. ಒಂದು ಕಡೆ ಜಾಕ್ ಕೊಟ್ಟರೆ ಲೆಕ್ಕ ತಪ್ಪುತ್ತದೆ, ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗುವುದು ಜೀವಕ್ಕೂ ಅಪಾಯ. ಎಂಜಿನ್ ಓಡುತ್ತಿರಬೇಕು. ಬ್ರೇಕ್ ಒತ್ತಿ ಹಿಡಿದು ಗೇರ್ ಲಿವರನ್ನು ‘ಪಿ’ಯಿಂದ ‘ಡಿ’ವರೆಗೆ ನಿಧಾನವಾಗಿ ಒಯ್ದು ವಾಪಸ್ ತರಬೇಕು, ಎಲ್ಲ ಸಂದಿಗೂ ಎಣ್ಣೆ ತುಂಬಿಕೊಳ್ಳಲಿ ಅಂತ. ಆಮೇಲೆ ಆಯಿಲಿನ ಉಷ್ಣತೆ. ಬಿಸಿಗೆ ಎಣ್ಣೆ ಹಿಗ್ಗುತ್ತದೆ, ತಣ್ಣಗಿದ್ದಾಗ ಕುಗ್ಗುತ್ತದೆ. ಆದ್ದರಿಂದ ಕಂಪನಿ ಹೇಳಿದ ಉಷ್ಣತೆಯಲ್ಲಿ ನೋಡಿದರಷ್ಟೇ ಅಳತೆ ನಿಜ. ಹ್ಯುಂಡೈ–ಕಿಯಾದ ಆರು ಗೇರಿನದಕ್ಕೆ 50ರಿಂದ 60 ಡಿಗ್ರಿ ಸೆಲ್ಸಿಯಸ್, ಜಡ್‌ಎಫ್‌ನವಕ್ಕೆ 30ರಿಂದ 50. ಕೈ ಮುಟ್ಟಿ ಅಂದಾಜು ಮಾಡುವ ಕೆಲಸ ಇದಲ್ಲ. ಸ್ಕ್ಯಾನರ್ ಚುಚ್ಚಿ ಗೇರ್ ಬಾಕ್ಸಿನ ಒಳಗಿನ ಸೆನ್ಸರ್ ಏನು ಹೇಳುತ್ತದೆಂದು ನೋಡಬೇಕು.

ಆ ಉಷ್ಣತೆ ಬಂದಾಗ ಮಟ್ಟದ ಬೋಲ್ಟ್ ಬಿಚ್ಚುತ್ತಾರೆ. ಹನಿಹನಿಯಾಗಿ ಅಥವಾ ನೂಲಿನಂತೆ ಸಣ್ಣಗೆ ಬಿದ್ದರೆ ಮಟ್ಟ ಸರಿ. ದಪ್ಪ ಧಾರೆ ಸುರಿದರೆ ಜಾಸ್ತಿ ಇದೆ, ನೂಲಾಗುವವರೆಗೆ ಬಿಡಬೇಕು. ಏನೂ ಬೀಳದಿದ್ದರೆ ಕಡಿಮೆ. ಎರಡೂ ಕೆಟ್ಟದ್ದೇ. ಕಡಿಮೆಯಾದರೆ ಪಂಪು ಗಾಳಿ ಎಳೆದುಕೊಂಡು ಕ್ಲಚ್ ಜಾರುತ್ತದೆ. ಜಾಸ್ತಿಯಾದರೆ ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆಗೆ ಒತ್ತಡ ತಡೆಯುವ ಶಕ್ತಿ ಎಲ್ಲಿಂದ?

ನಮ್ಮ ಕಾರಿನಲ್ಲಿ ಏನೂ ಬೀಳಲಿಲ್ಲ.

“ಆಯಿಲ್ ಕಮ್ಮಿ ಇದೆ ಅಮ್ಮಾ. ಇದು ಎಂಜಿನ್ ಆಯಿಲ್ ಥರ ಸುಡೋದಲ್ಲ. ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಹೊರಗೆ ಹೋಗಿದೆ ಅಂತಲೇ,” ಎಂದು ಅವನು ಟಾರ್ಚ್ ಹಿಡಿದ. ಬಲಗಡೆಯ ಆಕ್ಸಲ್ ಸೇರುವ ಜಾಗದಲ್ಲಿ ಆಯಿಲ್ ಸೀಲ್ ಗಟ್ಟಿಯಾಗಿ ಸುತ್ತಲೂ ಒದ್ದೆಯಾಗಿತ್ತು. ಕೆಳಗಿನ ಪ್ಲಾಸ್ಟಿಕ್ ಕವರ್ ಅದನ್ನೆಲ್ಲ ಹಿಡಿದಿಟ್ಟುಕೊಂಡಿದ್ದರಿಂದ ಮನೆಯ ಪಾರ್ಕಿಂಗ್‌ನಲ್ಲಿ ಒಂದು ಕಲೆಯೂ ಬಿದ್ದಿರಲಿಲ್ಲ. ಬೋರ್ಡಿನಲ್ಲಿ ದೀಪವೂ ಹತ್ತಿರಲಿಲ್ಲ. ಅಂಗೈ ಅಗಲದ ಒಂದು ರಬ್ಬರ್ ಉಂಗುರ ಆರು ಗೇರುಗಳ ಜೀವ ಹಿಡಿದುಕೊಂಡು ಕೂತಿತ್ತು. ಯಜಮಾನರು ನನ್ನ ಮುಖ ನೋಡಿದರು. “ಸರಿ, ಎರಡೂ ಮಾಡಿಸೋಣ,” ಅಂದೆ.

ಒಂದೇ ಸಲಕ್ಕೆ ಪೂರ್ತಿ ಬರುವುದಿಲ್ಲ

ಎಂಜಿನ್ ಆಯಿಲಿನ ಹಾಗೆ ಬೋಲ್ಟ್ ಬಿಚ್ಚಿದ ಕೂಡಲೇ ಇದು ಎಲ್ಲಾ ಬಸಿದುಹೋಗುವುದಿಲ್ಲ. ಟಾರ್ಕ್ ಕನ್ವರ್ಟರ್, ಕೂಲರ್ ಪೈಪುಗಳ ಒಳಗೆ ಬಹಳಷ್ಟು ಉಳಿದುಬಿಡುತ್ತದೆ. ಒಟ್ಟು ಏಳು ಲೀಟರ್ ಹಿಡಿಯುವ ಗೇರ್ ಬಾಕ್ಸಿನಿಂದ ಮೂರೂವರೆ ಬಂತು ಅಂತಿಟ್ಟುಕೊಳ್ಳಿ. ಹೊಸದು ಹಾಕಿದರೆ ಅರ್ಧ ಹಳತು, ಅರ್ಧ ಹೊಸತು. ಸ್ವಲ್ಪ ಓಡಿಸಿ ಮತ್ತೊಮ್ಮೆ ಬಸಿದು ತುಂಬಿದರೆ ಹೊಸತು ಮುಕ್ಕಾಲು ಪಾಲು, ಮೂರನೆಯ ಸಲಕ್ಕೆ ಶೇ 87ರಷ್ಟು. ಹುಳಿ ಮಜ್ಜಿಗೆಯ ಪಾತ್ರೆಗೆ ಸಿಹಿ ಮಜ್ಜಿಗೆ ಬೆರೆಸುವ ಲೆಕ್ಕವೇ. ನಾವು ಐನೂರು ಕಿಲೋಮೀಟರ್ ಅಂತರದಲ್ಲಿ ಎರಡು ಸಲ ಮಾಡಿಸಿದೆವು.

ಬಸಿದ ಎಣ್ಣೆಯನ್ನು ಅವನು ಅಳತೆ ಜಗ್ಗಿಗೆ ಸುರಿದು ತೋರಿಸಿದ. ಎಷ್ಟು ಬಂತು ಎಂಬ ಲೆಕ್ಕ ಇರಲೇಬೇಕು. ಹೊಸ ಆಯಿಲ್ ದಾಳಿಂಬೆ ರಸದಂತೆ ಕೆಂಪು, ನಮ್ಮದು ಕಷಾಯದ ಬಣ್ಣ. ಬಣ್ಣ ಕಪ್ಪಾದ ಮಾತ್ರಕ್ಕೆ ಹೆದರಬೇಕಿಲ್ಲ. ಆ ಕೆಂಪು ಎಂಜಿನ್ ಆಯಿಲಿನಿಂದ ಬೇರೆ ಎಂದು ಗುರುತಿಸಲು ಹಾಕುವ ಬಣ್ಣವಷ್ಟೇ, ಬೇರೆ ಬಣ್ಣದ ಆಯಿಲುಗಳೂ ಇವೆ. ನೋಡಬೇಕಾದ್ದು ವಾಸನೆ ಮತ್ತು ಅಯಸ್ಕಾಂತ. ಸುಟ್ಟ ವಾಸನೆ ಬಂದರೆ ಕ್ಲಚ್ ಜಾರಿ ಬೆಂದಿದೆ ಎಂದರ್ಥ. ಬಸಿಯುವ ಬೋಲ್ಟಿಗೋ ಚೇಂಬರಿನ ಒಳಗೋ ಇರುವ ಅಯಸ್ಕಾಂತಕ್ಕೆ ವಿಭೂತಿಯಷ್ಟು ನುಣುಪಾದ ಬೂದು ಅಂಟಿದ್ದರೆ ಅದು ವಯಸ್ಸಿಗೆ ಸಹಜ. ಲೋಹದ ಚೂರು, ಎಳೆ ಸಿಕ್ಕರೆ ಒಳಗೆ ಏನೋ ಮುರಿದಿದೆ. ನಮ್ಮಲ್ಲಿ ಸಿಕ್ಕಿದ್ದು ಬರೀ ಬೂದು.

ಹೊಸ ಸೀಲ್ ಹಾಕಿ, ಬೋಲ್ಟುಗಳಿಗೆ ಹೊಸ ವಾಷರ್ ಕೊಟ್ಟು, ಕಂಪನಿ ಹೇಳಿದಷ್ಟೇ ಬಿಗಿ ಮಾಡಿ, ಮತ್ತೆ ಉಷ್ಣತೆ ನೋಡಿ, ಮಟ್ಟ ನೋಡಿ ಮುಗಿಸಿದರು. ಎರಡೂ ಸಲದ್ದು ಸೇರಿಸಿ ಬಿಲ್ಲು ಹದಿನೈದು ಸಾವಿರದೊಳಗೆ ಆಯಿತು. ಸಣ್ಣ ಮೊತ್ತವೇನಲ್ಲ. ಆದರೆ ಲಕ್ಷದ ಪಕ್ಕದಲ್ಲಿಟ್ಟು ನೋಡಿದಾಗ ಮನಸ್ಸು ಹಗುರವಾಯಿತು.

ಇದು ಸಂಜೀವಿನಿಯಲ್ಲ

ಒಂದು ಎಚ್ಚರಿಕೆ ಹೇಳಲೇಬೇಕು. ಆಗಲೇ ಗೇರ್ ಜಾರುತ್ತಿರುವ, ‘ಡಿ’ಗೆ ಹಾಕಿದರೆ ಕ್ಷಣ ಬಿಟ್ಟು ದಡಕ್ಕೆಂದು ಎಳೆಯುವ ಕಾರಿಗೆ ಹೊಸ ಆಯಿಲ್ ಮದ್ದಾಗುವುದು ಅಪರೂಪ. ಸವೆದ ಕ್ಲಚ್ಚನ್ನು ಆಯಿಲ್ ಬೆಳೆಸಿಕೊಡುವುದಿಲ್ಲ. ಅಂಥ ಕಾರನ್ನು ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಖರ್ಚು. “ಹಳೇ ಕಾರಿಗೆ ಹೊಸ ಆಯಿಲ್ ಹಾಕಿದ್ಮೇಲೇ ಕೆಟ್ಟೋಯ್ತು” ಎನ್ನುವ ಕಥೆಗಳಲ್ಲಿ ಎಷ್ಟೋ ಸಲ ಕಾಯಿಲೆ ಮೊದಲೇ ಬಂದಿರುತ್ತದೆ. ವಾರಂಟಿಯಲ್ಲಿರುವ ಕಾರನ್ನು ಹೊರಗಡೆ ಬಿಚ್ಚಿಸಬೇಡಿ, ಕಂಪನಿಯಲ್ಲೇ ಕೇಳಿ. ಎಂಜಿನ್ ಓಡುತ್ತಿರುವಾಗ ಬಿಸಿ ಸೈಲೆನ್ಸರ್ ಪಕ್ಕ ಮಾಡುವ ಈ ಕೆಲಸ ಮನೆ ಮುಂದೆ ಪ್ರಯೋಗ ಮಾಡುವಂಥದ್ದೂ ಅಲ್ಲ.

ಬಸಿದ ಆಯಿಲ್ ಎಲ್ಲಿಗೆ ಹೋಗುತ್ತದೆಂದೂ ಕೇಳಿ. ನಮ್ಮೂರ ಕಡೆ ಗೆದ್ದಲು ಹಿಡಿಯದಿರಲೆಂದು ಹಳೇ ಆಯಿಲನ್ನು ಬೇಲಿ ಗೂಟಕ್ಕೆ ಬಳಿಯುವ ಪದ್ಧತಿ ಇದೆ. ಮಳೆಗೆ ಅದು ತೋಟದ ಮಣ್ಣಿಗೇ ಇಳಿಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬಳಸಿದ ಎಣ್ಣೆ ಪರವಾನಗಿ ಇರುವ ಸಂಸ್ಕರಣೆಯವರಿಗೆ ಹೋಗಬೇಕು.

ಮುಂದಿನ ಸರ್ವಿಸ್‌ಗೆ ಹೋಗುವಾಗ ಗ್ಲೋವ್ ಬಾಕ್ಸಿನಲ್ಲಿರುವ ಕೈಪಿಡಿ ತೆಗೆದು ಕಠಿಣ ಬಳಕೆಯ ಪಟ್ಟಿ ನೋಡಿಕೊಳ್ಳಿ. ನಾಲ್ಕು ಪ್ರಶ್ನೆ ಕೇಳಿ: ಯಾವ ಆಯಿಲ್ ಹಾಕ್ತೀರಿ? ಮಟ್ಟವನ್ನು ಎಷ್ಟು ಡಿಗ್ರಿಯಲ್ಲಿ ನೋಡ್ತೀರಿ? ಸ್ಕ್ಯಾನರ್ ಇದೆಯಾ? ಬಸಿದದ್ದನ್ನು ಅಳತೆ ಮಾಡಿ ತೋರಿಸ್ತೀರಾ? ಇವಕ್ಕೆ ನೇರವಾಗಿ ಉತ್ತರ ಕೊಡುವ ಜಾಗದಲ್ಲಿ ಕೆಲಸ ಮಾಡಿಸಿ. ಮಾಡಿಸಿದ ದಿನ, ಕಿಲೋಮೀಟರ್, ಆಯಿಲಿನ ಹೆಸರು ಬರೆದ ಚೀಟಿಯನ್ನು ಆ ಕೈಪಿಡಿಯೊಳಗೇ ಅಂಟಿಸಿಡಿ. ಕಾರು ನಾಳೆ ಮಗನ ಕೈಗೆ ಹೋದರೂ, ಇನ್ನೊಬ್ಬರಿಗೆ ಮಾರಿದರೂ ಅವರು ನಮ್ಮಂತೆ ಊಹೆ ಮಾಡುತ್ತ ಕೂರಬೇಕಾಗುವುದಿಲ್ಲ.